ಅಟ್ಟದ ಮೇಲಿನ ಬೋಟಿ ಡಬ್ಬ

ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೆ ಹೋದವನು ಬೋಟಿ ಪೊಟ್ಟಣ ಹಿಡಿದುಕೊಂಡು ಬಂದೆ. ಸೊಪ್ಪು ಮರೆತೇ ಹೋಯಿತು. ಬೋಟಿ ಎಂದರೆ ನಿಮಗೆ ಗೊತ್ತಿರುತ್ತದೆ. ಬೆರಳಿನ ಗಾತ್ರದ, ಎರಡೂ ಕಡೆ ತೂತಿರುವ, ಎಣ್ಣೆಯಲ್ಲಿ ಕರಿದ ಹಳದಿ ಕೊಳವೆ. ಮದುವೆ ಊಟದ ಎಲೆಯಲ್ಲಿ ಅದಕ್ಕೆ ಜಾಗವಿಲ್ಲ, ಡಾಕ್ಟರು ಹೇಳುವ ಪಥ್ಯದಲ್ಲಂತೂ ಇಲ್ಲವೇ ಇಲ್ಲ. ಅಂಗಡಿಯವನು ಪೊಟ್ಟಣ ಕೊಡುತ್ತಾ "ಮೊಮ್ಮಗೂಗಾ ಸಾರ್?" ಎಂದ. "ಹೂಂ" ಎಂದೆ. ಮೊಮ್ಮಗು ಕೊಯಮತ್ತೂರಿನಲ್ಲಿದೆ, ಅದಕ್ಕಿನ್ನೂ ಒಂದು ಹಲ್ಲೂ ಬಂದಿಲ್ಲ. ಅದನ್ನೆಲ್ಲ ಅಂಗಡಿಯವನಿಗೆ ಯಾಕೆ ಹೇಳಬೇಕು?

ಮನೆಗೆ ಬಂದು ಕುರ್ಚಿಯಲ್ಲಿ ಕೂತು, ಅರವತ್ತು ದಾಟಿದ ಗಂಡಸು ಏನು ಮಾಡಬಾರದೋ ಅದನ್ನು ಮಾಡಿದೆ. ಹತ್ತು ಬೆರಳಿಗೂ ಒಂದೊಂದು ಬೋಟಿ ಸಿಕ್ಕಿಸಿಕೊಂಡೆ. ಚಿಕ್ಕವನಿದ್ದಾಗ ಸಲೀಸಾಗಿ ಹೋಗುತ್ತಿದ್ದವು, ಈಗ ಹೆಬ್ಬೆರಳು ದಪ್ಪವಾಗಿದೆ. ಕೈ ಮುಂದೆ ಹಿಡಿದು ನೋಡುತ್ತಿದ್ದೆ, ಅಷ್ಟರಲ್ಲಿ ಕಾಲಿಂಗ್ ಬೆಲ್ಲು. ಆ ಬೋಟಿ ಉಗುರು ಬಿಚ್ಚಲು ಮನಸ್ಸು ಬರಲಿಲ್ಲ. ಮೊಣಕೈಯಿಂದ ಚಿಲಕ ತಳ್ಳಿ ಬಾಗಿಲು ತೆಗೆದೆ.

"ಯಾ ಅಲ್ಲಾ! ಅಂಕಲ್!" ಎಂದು ತಬಸ್ಸುಮ್ ಒಂದು ಹೆಜ್ಜೆ ಹಿಂದೆ ಹಾರಿದಳು. ಆಮೇಲೆ ಗೋಡೆ ಹಿಡಿದುಕೊಂಡು ನಕ್ಕಳು. ಇವಳು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ. ತವರು ಶಿವಾಜಿನಗರ, ಇಲ್ಲೇ ಒಂದು ಸ್ಕೂಲಿನಲ್ಲಿ ಟೀಚರು. ಮನೆಗೆ ಬಂದ ದಿನದಿಂದ ನನ್ನ ಹೆಂಡತಿ ಸರೋಜಳ ಬಾಲ ಹಿಡಿದುಕೊಂಡೇ ಓಡಾಡಿದವಳು.

"ಆಂಟೀದು ಚಿಕ್ಕ ಚಿಕ್ಕ ಗುಳಿ ಇರೋ ಇಡ್ಲಿ ಸ್ಟ್ಯಾಂಡ್ ಇದೆಯಲ್ಲ ಅಂಕಲ್, ಅದು ಬೇಕಿತ್ತು. ಇವತ್ತು ಸಂಜೆ ನಮ್ಮ ಸ್ಕೂಲ್ ಟೀಚರ್ಸ್ ಎಲ್ಲ ಬರ್ತಿದಾರೆ. ಹಾರರ್ ಪಿಕ್ಚರ್ ಹಾಕ್ತೀವಿ. ತಿಂಡೀನೂ ಹಾರರಾಗೇ ಇರ್ಬೇಕು ಅಂತ ಎಲ್ರೂ ಹಟ."

ತಿಂಡಿ ಹೇಗೆ ಹಾರರ್ ಆಗುತ್ತದೆ ಎಂದು ಕೇಳಿದೆ. ನನ್ನ ಅಡುಗೆಯಾದರೆ ಸರಿ, ಅದಕ್ಕೆ ಪಿಕ್ಚರೇ ಬೇಕಿಲ್ಲ. ಅವಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಗೋಲಿಯಷ್ಟು ಇಡ್ಲಿಯ ಮೇಲೆ ಅರ್ಧ ಕಪ್ಪು ದ್ರಾಕ್ಷಿ ಕೂರಿಸಿ, ಬೀಟ್‌ರೂಟ್ ರಸದಲ್ಲಿ ಕೆಂಪು ನರ ಎಳೆದರೆ ಕಿತ್ತಿಟ್ಟ ಕಣ್ಣುಗುಡ್ಡೆ. ಆಲೂಗಡ್ಡೆಗೆ ಚಪಾತಿ ಹಿಟ್ಟಿನ ಪಟ್ಟಿ ಸುತ್ತಿ ಬೇಯಿಸಿದರೆ ಬಟ್ಟೆ ಸುತ್ತಿದ ಹೆಣ. ಏಲಕ್ಕಿ ಬಾಳೆಹಣ್ಣನ್ನು ಅರ್ಧಕ್ಕೆ ಕತ್ತರಿಸಿ ನಿಲ್ಲಿಸಿ ಎರಡು ಲವಂಗ ಚುಚ್ಚಿದರೆ ಪುಟ್ಟ ದೆವ್ವ.

"ಇದನ್ನೆಲ್ಲ ತಿನ್ನೋದಾ ತಬಸ್ಸುಮ್, ಇಲ್ಲ ದೃಷ್ಟಿಗೆ ಇಳಿ ತೆಗೆದು ಮೂರು ದಾರಿ ಕೂಡೋ ಕಡೆ ಇಟ್ಟು ಬರೋದಾ?"

"ಅಯ್ಯೋ ಅಂಕಲ್! ನೀವೂ ಬನ್ನಿ ಮೇಲಕ್ಕೆ. ಒಬ್ರೇ ಇರ್ತೀರಲ್ಲ."

ಒಬ್ರೇ ಎಂದಳಲ್ಲ, ಆ ಮಾತು ಚುರುಕ್ ಎಂದಿತು. "ಇಲ್ಲಮ್ಮ, ನನ್ದೂ ಇವತ್ತು ಪಿಕ್ಚರ್ ಪ್ರೋಗ್ರಾಂ ಇದೆ" ಎಂದುಬಿಟ್ಟೆ. ಯಾರು ಬರುತ್ತಾರೆ ಎಂದು ಕೇಳಿದಳು. "ಬರ್ತಾರೆ, ಬರ್ತಾರೆ" ಎಂದೆ. ಯಾರೂ ಬರುವವರಿರಲಿಲ್ಲ. ಪ್ರೋಗ್ರಾಂ ಹುಟ್ಟಿದ್ದೇ ಆ ಕ್ಷಣದಲ್ಲಿ.

ಸರೋಜ ಮಗಳ ಬಾಣಂತನಕ್ಕೆಂದು ಮಳೆಗಾಲಕ್ಕೆ ಮುಂಚೆ ಕೊಯಮತ್ತೂರಿಗೆ ಹೋದವಳು. ಕೃಷ್ಣರಾಜಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದವನು ನಾನೇ. ಬಾಣಂತನ ಮುಗಿಯಿತು. ಈಗ ಮಗಳು ಬ್ಯಾಂಕಿನ ಕೆಲಸಕ್ಕೆ ವಾಪಸು ಹೋಗಬೇಕು, ಮಗು ನೋಡಿಕೊಳ್ಳಲು ಅಜ್ಜಿ ಬೇಕು. ನಿನ್ನೆ ಫೋನಿನಲ್ಲಿ ಸರೋಜ ಹೇಳಿದಳು: "ಇನ್ನೊಂದು ವರ್ಷ ನಾನು ಇಲ್ಲೇ ಇರ್ಬೇಕಾಗುತ್ತೆ ಕಣ್ರೀ. ನೀವೂ ಬಂದ್ಬಿಡಿ. ಪಕ್ಕದ ಬೀದೀಲಿ ಇನ್ನೊಂದು ರೂಮ್ ಜಾಸ್ತಿ ಇರೋ ಮನೆ ಖಾಲಿಯಾಗಿದೆ. ನೀವು ಬರೋದಾದ್ರೆ ಮಗಳು ಅಳಿಯ ಅದನ್ನೇ ಹಿಡೀತಾರಂತೆ. ಸೋಮವಾರ ಬೆಳಿಗ್ಗೆ ಮಾತು ಕೊಡ್ಬೇಕು. ನಾಳೆ ಸಂಜೆಯೊಳಗೆ ಹೇಳಿ."

"ನಾನ್ಯಾಕೆ ಬರ್ಲಿ? ನಾನು ಆರಾಮಾಗಿದ್ದೀನಿ" ಎಂದೆ. ಸಂಪ್‌ಗೆ ನೀರು ಬಿಡುವವರು ಯಾರು, ಮೋಟಾರು ಹಾಕುವವರು ಯಾರು ಎಂದೂ ಸೇರಿಸಿದೆ. ನಿಜವಾದ ಕಾರಣ ಬೇರೆ. ನಮ್ಮ ಕಡೆ ಮಗಳ ಮನೆಗೆ ಹೋದ ಅಪ್ಪ ಕೈಯಲ್ಲಿ ಹಣ್ಣು ಹಿಡಿದು ಹೋಗಬೇಕು, ಊಟ ಮಾಡಬೇಕು, ಅಳಿಯ "ಇರಿ" ಎನ್ನುವಷ್ಟರಲ್ಲೇ ಎದ್ದು ಬಿಡಬೇಕು. ನಮ್ಮಪ್ಪ ನನ್ನ ಅಕ್ಕನ ಮನೆಯಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ. ಅಮ್ಮಂದಿರು ಹೋಗಿ ತಿಂಗಳುಗಟ್ಟಲೆ ಇರಬಹುದು, ಅದಕ್ಕೆ ಬಾಣಂತನ ಎನ್ನುತ್ತಾರೆ. ಅಪ್ಪ ಹೋಗಿ ಇದ್ದರೆ ಅದಕ್ಕೆ ಬೇರೆ ಹೆಸರು. ಜೊತೆಗೆ, ಒಬ್ಬನೇ ಇರೋಕೆ ಆಗೋದಿಲ್ಲ ಅಂತ ಯಾರ ಹತ್ತಿರ ಒಪ್ಪಿಕೊಳ್ಳೋದು? ಕಾರ್ಖಾನೆಯಲ್ಲಿ ಅಷ್ಟು ವರ್ಷ ನೈಟ್ ಶಿಫ್ಟು ಮಾಡಿದ ಗಂಡಸು ನಾನು.

ಆರಾಮು ಹೇಗಿದೆ ಎಂದು ನಿಮಗೆ ಮಾತ್ರ ಹೇಳುತ್ತೇನೆ. ಕುಕ್ಕರ್ ಕೂಗಿದರೆ ಈಗಲೂ "ಕುಕ್ಕರ್ ಕೂಗ್ತು ಕಣೇ" ಎಂದು ಹಾಲ್‌ನಿಂದ ಕೂಗುತ್ತೇನೆ, ಕೂಗಿ ನಾನೇ ಎದ್ದು ಹೋಗುತ್ತೇನೆ. ನುಗ್ಗೆಕಾಯಿಯವನು ಬಲಿತದ್ದು ಕೊಟ್ಟ ಎಂದು ಬೈದುಕೊಂಡು ಮನೆಗೆ ಬಂದರೆ, ಆ ಬೈಗುಳ ಕೇಳಲು ಒಂದು ಕಿವಿ ಇಲ್ಲ. ಜಗಳ ಆಡದೆ ಇಷ್ಟು ದಿನ ನಾನು ಹುಟ್ಟಿದಾಗಿನಿಂದ ಇದ್ದವನಲ್ಲ. ತುಂಬಾ ಬೇಜಾರು, ಅಷ್ಟೇ.

ಇರಲಿ, ಬೋಟಿಯ ವಿಷಯಕ್ಕೆ ಬರುತ್ತೇನೆ. ತಬಸ್ಸುಮ್ ಬಾಗಿಲಲ್ಲೇ ನಿಂತಿದ್ದಾಳೆ, ನಿಂತಿರಲಿ.

ನಾನು ಬೆಳೆದದ್ದು ಹಲಸೂರಿನ ಒಂದು ವಠಾರದಲ್ಲಿ. ಟೀವಿ ಗೀವಿ ಇನ್ನೂ ಬಂದಿರಲಿಲ್ಲ, ಕರೆಂಟು ಬಂದಿತ್ತು, ಆದರೆ ಹೋಗುವುದನ್ನೇ ಹೆಚ್ಚು ಮಾಡುತ್ತಿತ್ತು. ಕರೆಂಟು ಹೋದ ತಕ್ಷಣ ವಠಾರದ ಮಕ್ಕಳೆಲ್ಲ ಕೊನೆಯ ಮನೆಯ ಸೆಲ್ವಿ ಅಕ್ಕನ ಜಗಲಿಗೆ ಓಡುತ್ತಿದ್ದೆವು. ಸೆಲ್ವಿ ಅಕ್ಕ ಹಗಲಲ್ಲಿ ಹೂ ಕಟ್ಟುವವರು. ಕತ್ತಲಾದರೆ ಮೊರದ ತುಂಬ ಬೋಟಿ ಕರಿದುಕೊಂಡು ಬಂದು, ಹತ್ತು ಬೆರಳಿಗೂ ಸಿಕ್ಕಿಸಿಕೊಂಡು, ಬುಡ್ಡಿ ದೀಪದ ಮುಂದೆ ಕೈ ಹಿಡಿಯುತ್ತಿದ್ದರು. ಸುಣ್ಣದ ಗೋಡೆಯ ಮೇಲೆ ಆ ಉಗುರುಗಳು ಮಾರುದ್ದ ಬೆಳೆದು, ನಿಧಾನವಾಗಿ ನಮ್ಮ ತಲೆಗಳ ನೆರಳಿನ ಮೇಲೆ ಇಳಿಯುತ್ತಿದ್ದವು. ಕತೆ ಅರ್ಧ ತಮಿಳು, ಅರ್ಧ ಕನ್ನಡ. ಭಯ ಮಾತ್ರ ಪೂರ್ತಿ.

"ಯಾರ್ ರಾ ಅದು ಕಣ್ಣು ಮುಚ್ಕೊಂಡಿರೋದು? ಮುಚ್ಚಿದೋರಿಗೆ ಬೋಟಿ ಇಲ್ಲ!" ಎನ್ನುತ್ತಿದ್ದರು ಸೆಲ್ವಿ ಅಕ್ಕ. ಕಣ್ಣು ಮುಚ್ಚುತ್ತಿದ್ದವನು ಯಾರು ಎಂದು ಕೇಳಬೇಡಿ. ಬೋಟಿಯ ಆಸೆಗೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಮೊರದಿಂದ ಒಂದು ಬೋಟಿ ಎಗರಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಅದನ್ನು ದುರ್ಬೀನಿನ ಹಾಗೆ ಇಟ್ಟುಕೊಂಡು ಗೋಡೆ ನೋಡುತ್ತಿದ್ದೆ. ತೂತಿನಿಂದ ದೆವ್ವ ಒಂದು ಉಗುರಿನಷ್ಟು ಮಾತ್ರ ಕಾಣುತ್ತಿತ್ತು. ಅಷ್ಟು ದೆವ್ವವನ್ನು ನಾನು ತಡೆದುಕೊಳ್ಳಬಲ್ಲೆ. ಕತೆ ಮುಗಿದ ಮೇಲೆ ಸೆಲ್ವಿ ಅಕ್ಕ ಬೆರಳುಗಳನ್ನು ನಮ್ಮ ಬಾಯಿಗೇ ಚಾಚುತ್ತಿದ್ದರು. ಕರುಂ ಕುರುಂ ಎಂದು ದೆವ್ವದ ಉಗುರು ತಿಂದು ನಾವು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಮನೆಗೆ ಹೋಗುತ್ತಿದ್ದೆವು.

ಅದೇ ವಠಾರಕ್ಕೆ ಸರೋಜ ಮದುವೆಯಾಗಿ ಬಂದಳು. ರಾತ್ರಿ ಬಾಗಿಲು ತಟ್ಟುವ ದೆವ್ವವೊಂದರ ಸುದ್ದಿ ಊರೆಲ್ಲ ಹಬ್ಬಿ, ಜನ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದುಕೊಳ್ಳುತ್ತಿದ್ದ ಕಾಲ ಅದು. ಹೊಸ ಹೆಂಡತಿ ಹೆದರಿಕೊಂಡಾಳು ಎಂದು ನಾನೂ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದೆ. ಸೆಲ್ವಿ ಅಕ್ಕ ಬಂದು ನೋಡಿ, "ಹಲಸೂರಿಗೆ ಬರೋ ದೆವ್ವಕ್ಕೆ ಕನ್ನಡ ಬರುತ್ತೆ ಅಂತ ಏನ್ ಗ್ಯಾರಂಟಿ ತಂಬಿ?" ಎಂದರು. ಅದೂ ನಿಜವೇ. ಕೆಳಗೆ ತಮಿಳಿನಲ್ಲಿ ಬರೆಸಿದೆ. ಮಾರನೆಯ ದಿನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಶಿವಾಜಿನಗರದ ಗೆಳೆಯನ ಕೈಯಲ್ಲಿ ಉರ್ದುವಿನಲ್ಲಿ ಬರೆಸಿಕೊಂಡು ಬಂದು ಅದನ್ನೂ ನಕಲು ಮಾಡಿದೆ. ಬಾಗಿಲು ಬಸ್ ಬೋರ್ಡಿನ ಹಾಗಾಯಿತು. ಸರೋಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ರೀ, ಓದು ಬರಹ ಬರ್ದೇ ಇರೋ ದೆವ್ವ ಆದ್ರೆ?" ಎಂದಳು. ಅವಳನ್ನು ಕಾಯಬೇಕಲ್ಲ ಎಂದು ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಅವಳು ಮಾತ್ರ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಈ ಮನೆ ಕಟ್ಟಿಸಿದ ಮೇಲೆ ಟೀವಿ ಬಂತು, ಕ್ಯಾಸೆಟ್ಟು ಬಂತು, ಸೀಡಿ ಬಂತು, ಈಗ ಮಗಳು ಹಾಕಿಸಿಕೊಟ್ಟ ಇನ್ನೇನೋ ಬಂದಿದೆ. ಬಿಡುವಿದ್ದ ಭಾನುವಾರ ಸಂಜೆ ಪರದೆ ಎಳೆದು, ಲೈಟು ಆರಿಸಿ, ಇಬ್ಬರೂ ದೆವ್ವದ ಪಿಕ್ಚರ್ ನೋಡುವುದು ನಮ್ಮಲ್ಲಿ ರೂಢಿಯಾಯಿತು. ನನಗೆ ದೆವ್ವದ ಪಿಕ್ಚರ್ ಅಂದರೆ ಪ್ರಾಣ. ಸರೋಜ ಪುಕ್ಕಲಿ. ನಾಯಕಿ ಮುಚ್ಚಿದ ಬಾಗಿಲಿನ ಕಡೆ ಹೆಜ್ಜೆ ಇಟ್ಟಳೋ ಇಲ್ಲವೋ, ಇವಳು ಎದ್ದುಬಿಡುತ್ತಿದ್ದಳು.

"ರೀ, ನನಗ್ಯಾಕೋ ಭಯ ಆಗ್ತಿದೆ. ಒಂದಿಷ್ಟು ಬೋಟಿ ಕರೀತೀನಿ. ಡಬ್ಬ ಅಟ್ಟದ ಮೇಲಿದೆ, ಕೈಗೆ ಎಟುಕಲ್ಲ, ಇಳಿಸಿಕೊಡಿ ಬನ್ನಿ."

"ಥೂ ಪುಕ್ಕಲಿ! ಒಳ್ಳೇ ಸೀನಲ್ಲೇ ಎಬ್ಬಿಸ್ತೀಯಲ್ಲ!" ಎಂದು ಬೈಯುತ್ತಾ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಅವಳು ಹೋಗಿ ಲೈಟು ಹಾಕಿರುತ್ತಿದ್ದಳು. ಸ್ಟೂಲು ಹತ್ತಿ ಡಬ್ಬ ಇಳಿಸಿ, ಎಣ್ಣೆ ಕಾಯುವವರೆಗೆ ಅವಳಿಗೆ ಧೈರ್ಯ ಹೇಳುತ್ತಾ ನಿಲ್ಲುತ್ತಿದ್ದೆ. ಬೋಟಿ ಹಿಡಿದುಕೊಂಡು ವಾಪಸು ಬರುವಷ್ಟರಲ್ಲಿ ದೆವ್ವ ಬಂದು ಹೋಗಿ, ಮಂತ್ರವಾದಿ ನಿಂಬೆಹಣ್ಣು ಕೊಯ್ಯುತ್ತಿರುತ್ತಿದ್ದ. ಇಷ್ಟು ವರ್ಷ ಇಷ್ಟು ದೆವ್ವದ ಪಿಕ್ಚರ್ ನೋಡಿದ ನಾನು ಒಂದರಲ್ಲೂ ದೆವ್ವದ ಮುಖ ಸರಿಯಾಗಿ ನೋಡಿಲ್ಲ. ಎಲ್ಲ ಆ ಪುಕ್ಕಲಿಯಿಂದ ಎಂದು ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದೆ. ಅವಳೂ ನಗುತ್ತಿದ್ದಳು.

ಪಾಪ, ತಬಸ್ಸುಮ್. ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಇಡ್ಲಿ ಸ್ಟ್ಯಾಂಡು ಕೊಟ್ಟೆ. ಅಷ್ಟರಲ್ಲಿ ನನ್ನ ಉಗುರುಗಳೂ, ಪೊಟ್ಟಣದಲ್ಲಿ ಉಳಿದಿದ್ದ ಬೋಟಿಯೂ ಮಾತಿನ ಮಧ್ಯೆ ಇಬ್ಬರ ಹೊಟ್ಟೆ ಸೇರಿದ್ದವು. ಪ್ರೋಗ್ರಾಂ ಇದೆ ಎಂದು ಬಾಯಿಬಿಟ್ಟ ಮೇಲೆ ತಿಂಡಿ ಬೇಕಲ್ಲ. "ಬಂದಿದ್ದೀಯ, ಈ ಸ್ಟೂಲ್ ಸ್ವಲ್ಪ ಹಿಡ್ಕೋಮ್ಮ, ಬೋಟಿ ಡಬ್ಬ ಇಳಿಸ್ತೀನಿ" ಎಂದು ಹತ್ತಿದೆ. ಅಟ್ಟದಲ್ಲಿ ಹಳೆಯ ಹಿತ್ತಾಳೆ ಪಾತ್ರೆಗಳಿದ್ದವು, ಗೊಂಬೆ ಹಬ್ಬದ ಪೆಟ್ಟಿಗೆಯಿತ್ತು, ಡಬ್ಬ ಇರಲಿಲ್ಲ.

"ಅಂಕಲ್, ಇಲ್ಲೇ ಇದೆಯಲ್ಲ!"

ಕೆಳಗೆ, ಅಕ್ಕಿ ಡಬ್ಬದ ಪಕ್ಕದಲ್ಲಿ, ಕೈಗೆ ಮೊದಲು ಸಿಗುವ ಜಾಗದಲ್ಲಿ ಕೂತಿತ್ತು.

"ಇದ್ಯಾರು ಇಲ್ಲಿಟ್ಟೋರು? ಇದರ ಜಾಗ ಅಟ್ಟ" ಎಂದೆ.

"ಇಲ್ಲ ಅಂಕಲ್, ಯಾವಾಗ್ಲೂ ಇದು ಇಲ್ಲೇ ಇರ್ತಿತ್ತು. ನಾನೇ ಎಷ್ಟೋ ಸಲ ತಗೊಂಡಿದೀನಿ." ಮುಂದೆ ಹೇಳಬೇಕೋ ಬೇಡವೋ ಎಂದು ತುಟಿ ಕಚ್ಚಿಕೊಂಡಳು. "ಪಿಕ್ಚರ್ ಹಾಕೋ ದಿನ ಮಾತ್ರ ಆಂಟಿ ಮೇಲಿಡ್ತಿದ್ರು. ಅವರೇ ಸ್ಟೂಲ್ ಹತ್ತಿ ಇಡೋದು ನಾನು ನೋಡಿದೀನಿ. ಯಾಕೆ ಆಂಟಿ ಅಂದ್ರೆ..."

"ಯಾಕಂತೆ?"

"ನಿಮ್ಮಂಕಲ್‌ಗೆ ಭಯ ಆದಾಗ ಬೇಕಾಗುತ್ತೆ ಅಂದ್ರು."

ನಾನು ಜೋರಾಗಿ ನಕ್ಕೆ. "ನಿಮ್ಮ ಆಂಟಿ ತಮಾಷೆ ಮಾಡಿರ್ತಾಳೆ" ಎಂದೆ. ಅವಳೂ ನಕ್ಕು, ಸ್ಟ್ಯಾಂಡು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ನಾನು ಸ್ಟೂಲಿನ ಮೇಲೇ ಕೂತುಬಿಟ್ಟೆ.

ಹಟ ಬಿಡಬಾರದು ಎಂದು ಸಂಜೆಗೆ ಎಲ್ಲ ಸಿದ್ಧ ಮಾಡಿದೆ. ಎಣ್ಣೆ ಅತಿಯಾಗಿ ಕಾದು ಅರ್ಧ ಬೋಟಿ ಕಂದು ಬಣ್ಣಕ್ಕೆ ತಿರುಗಿದವು, ದೆವ್ವದ ಉಗುರಿಗೆ ಅದೇ ಸರಿಯಾದ ಬಣ್ಣ ಎಂದುಕೊಂಡೆ. ತುದಿಗಳನ್ನು ಟೊಮೇಟೊ ಸಾಸಿನಲ್ಲಿ ಅದ್ದಿದೆ. ಮನೆಯಲ್ಲಿ ಒಂದೇ ಒಂದು ಏಲಕ್ಕಿ ಬಾಳೆ ಉಳಿದಿತ್ತು, ಅರ್ಧ ಮಾಡಿ ಲವಂಗ ಚುಚ್ಚಿದೆ. ಒಂದು ದೆವ್ವಕ್ಕೆ ಮಾಲಗಣ್ಣು ಬಂತು. ನಮ್ಮ ಹಳೆಯ ಸೂಪರ್‌ವೈಸರ್ ನನ್ನನ್ನು ನೋಡುತ್ತಿದ್ದುದೂ ಹಾಗೆಯೇ. ಇದನ್ನು ಯಾರಿಗಾದರೂ ತೋರಿಸಬೇಕು ಎನಿಸಿತು. ಫೋಟೋ ತೆಗೆದು ಸರೋಜಳಿಗೆ ಕಳಿಸಲು ಹೊರಟೆ. ಯಾರು ಬಂದಿದ್ದಾರೆ ಎಂದು ಕೇಳುತ್ತಾಳೆ. ಫೋನು ಕೆಳಗಿಟ್ಟೆ.

ಪರದೆ ಎಳೆದು, ಲೈಟು ಆರಿಸಿ ಪಿಕ್ಚರ್ ಹಚ್ಚಿದೆ. ಮೇಲೆ ಕುರ್ಚಿ ಎಳೆದಾಡುವ ಸದ್ದು. ಸ್ವಲ್ಪ ಹೊತ್ತಿಗೆ ಅವರೆಲ್ಲ ಒಟ್ಟಿಗೆ ಕಿಟಾರನೆ ಕಿರುಚಿದರು, ಮರುಕ್ಷಣ ಒಟ್ಟಿಗೆ ನಕ್ಕರು. ಎಷ್ಟು ಹೊಟ್ಟೆಕಿಚ್ಚಾಯಿತು ಗೊತ್ತೇ? ಭಯಕ್ಕೆ ಇಬ್ಬರಾದರೂ ಬೇಕು. ಒಬ್ಬರು ಕಿರುಚಬೇಕು, ಇನ್ನೊಬ್ಬರು ನಗಬೇಕು. ಒಬ್ಬನೇ ಕೂತು ಕಿರುಚಿದರೆ ಆ ಸದ್ದನ್ನು ಏನು ಮಾಡುವುದು?

ನನ್ನ ಪಿಕ್ಚರಿನ ನಾಯಕಿಯೂ ಮುಚ್ಚಿದ ಬಾಗಿಲಿನ ಕಡೆ ನಡೆಯತೊಡಗಿದಳು. ಕೈ ತಾನಾಗಿ ಒಂದು ಬೋಟಿ ಎತ್ತಿ ಕಣ್ಣಿಗಿಟ್ಟಿತು. ಉಪಾಯ ಈಗಲೂ ಕೆಲಸ ಮಾಡಿತು, ತೂತಿನಲ್ಲಿ ಬಾಗಿಲು ಅಂಗಿಯ ಗುಂಡಿಯಷ್ಟು ಕಂಡಿತು. ಆದರೆ ತೂತಿನ ಹೊರಗೆ ನನ್ನ ಸುತ್ತ ಇದ್ದ ಮನೆ ಚಿಕ್ಕದಾಗಲಿಲ್ಲ. ಕಿವಿ ಅಡುಗೆಮನೆಯ ಕಡೆಗಿತ್ತು. ಈಗ ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು ಕಾಯುತ್ತಿದ್ದೆ. ಯಾರೂ ಕರೆಯಲಿಲ್ಲ. ನಾನೇ ಎದ್ದು ಅಡುಗೆಮನೆಗೆ ಓಡಿದೆ, ಲೈಟು ಹಾಕಿದೆ. ಅಲ್ಲಿ ನನಗೆ ಮಾಡಲು ಏನೂ ಕೆಲಸವಿರಲಿಲ್ಲ. ಡಬ್ಬ ಕೆಳಗೇ ಇತ್ತು.

ಅಯ್ಯೋ ಪುಕ್ಕಲ, ಎಂದುಕೊಂಡೆ. ಪಿಕ್ಚರ್ ಆಫ್ ಮಾಡಿದೆ. ಹಾಲ್‌ನದು, ರೂಮಿನದು, ವರಾಂಡದ್ದು, ಮನೆಯ ಎಲ್ಲ ಲೈಟೂ ಹಾಕಿದೆ. ಫೋನು ಕೈಗೆತ್ತಿಕೊಂಡೆ.

"ಏನ್ರೀ, ದೆವ್ವದ ಪಿಕ್ಚರ್ ಹಾಕಿದ್ರಾ?" ಎಂದಳು ಸರೋಜ, ನಾನು ಹಲೋ ಎನ್ನುವ ಮುಂಚೆಯೇ.

"ನಿನಗೆ ಹೇಗೆ ಗೊತ್ತಾಯ್ತು?"

"ಭಾನುವಾರ ಸಂಜೆ. ಅದೂ ಅಲ್ದೆ ನಿಮ್ಮ ಉಸಿರು ಕೇಳಿಸ್ತಿದೆ. ಲೈಟ್ ಎಲ್ಲ ಹಾಕ್ಕೊಂಡಿದ್ದೀರ ತಾನೆ?"

"ಸರೋಜಾ, ಬೋಟಿ ಡಬ್ಬ ಕೆಳಗಿತ್ತು."

ಆ ಕಡೆ ಮಗು ಊಂ ಊಂ ಎನ್ನುತ್ತಿತ್ತು. "ತಬಸ್ಸುಮ್ ಬಾಯಿಬಿಟ್ಲಾ? ಹೇಳ್ಬೇಡ ಅಂದಿದ್ದೆ ಅವಳಿಗೆ."

"ನನಗೆ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನೀವು ಪಿಕ್ಚರ್ ನೋಡೋದನ್ನೇ ಬಿಟ್ಬಿಡ್ತಿದ್ರಿ. ನನಗೆ ದೆವ್ವದ ಪಿಕ್ಚರ್ ಅಂದ್ರೆ ಇಷ್ಟ ಕಣ್ರೀ. ತಪ್ಪಿಹೋದ ಸೀನನ್ನ ಮಾರನೇ ದಿನ ನೀವು ಫ್ಯಾಕ್ಟ್ರಿಗೆ ಹೋದ್ಮೇಲೆ ಹಾಕ್ಕೊಂಡು ನೋಡ್ತಿದ್ದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಭಯವನ್ನು ತನ್ನದೆಂದು ಹೇಳಿಕೊಂಡು ಇವಳು ಇಷ್ಟು ವರ್ಷ ಪುಕ್ಕಲಿ ಎನಿಸಿಕೊಂಡಿದ್ದಳು. ಈಗ ನನ್ನ ಬದಲು ಹೇಳುವವರು ಯಾರೂ ಇಲ್ಲ, ನಾನೇ ಹೇಳಬೇಕು.

"ನನಗೆ ಭಯ ಆಗ್ತಿದೆ ಕಣೇ" ಎಂದೆ.

"ಪಿಕ್ಚರ್ ಆಫ್ ಮಾಡಿ ಮತ್ತೆ."

"ಪಿಕ್ಚರ್ ಆಗ್ಲೇ ಆಫ್ ಮಾಡಿದೀನಿ. ಮನೆ ಕಂಡ್ರೆ ಭಯ ಆಗ್ತಿದೆ. ನನಗೆ ಒಬ್ನೇ ಇರೋಕೆ ಆಗಲ್ಲ ಸರೋಜಾ."

ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ, ಅಷ್ಟು ವರ್ಷ ಅಡುಗೆಮನೆಯಿಂದ ಕರೆಯುತ್ತಿದ್ದ ಅದೇ ದನಿಯಲ್ಲಿ, ಹೇಳಿದಳು:

"ಬನ್ರೀ ಮತ್ತೆ. ನಾನು ಬಂದ ವಾರಾನೇ ಇಲ್ಲೂ ಬೋಟಿ ಡಬ್ಬ ಅಟ್ಟದ ಮೇಲಿಟ್ಟು ಕೂತಿದೀನಿ."